ಕೆಂಪು ಬಾವುಟ, ನೀಲಿ ಬಾವುಟ

ಕಥೆಯೆಂದರೆ ಪುಸ್ತಕದಲ್ಲೋ ರಂಗದ ಮೇಲೋ ಇರತಕ್ಕದ್ದು, ಕಂಪ್ಯೂಟರಿನ ಆಟದಲ್ಲಿ ಕಥೆಗೇನು ಕೆಲಸ ಎಂದು ನಮ್ಮ ಹಿರಿಯರು ಕೇಳುವುದುಂಟು. ಆದರೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆದುಬಂದಿರುವ, ಲಕ್ಷಾಂತರ ಜನ ಒಟ್ಟಿಗೆ ಕಲೆತು ಆಡಿರುವ ಕಥೆಯೊಂದನ್ನು ಒರೆಗಲ್ಲಿಗೆ ಹಚ್ಚದೆ ಬಿಡುವುದು ವಿಮರ್ಶೆಗೆ ಶೋಭೆಯಲ್ಲ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಅಂಥ ಕಥೆ. ಅಮೆರಿಕದ ಬ್ಲಿಜರ್ಡ್ ಸಂಸ್ಥೆ 1994ರಲ್ಲಿ ಆರಂಭಿಸಿದ ‘ವಾರ್‌ಕ್ರಾಫ್ಟ್’ ಮಾಲೆಯಿಂದ ಹುಟ್ಟಿ, 2004ರ ನವೆಂಬರಿನಲ್ಲಿ ಹೊರಬಂದ ಈ ಆಟಕ್ಕೆ 2010ರ ವೇಳೆಗೆ ಒಂದು ಕೋಟಿ ಇಪ್ಪತ್ತು ಲಕ್ಷ ಚಂದಾದಾರರಿದ್ದರು. ಒಂದು ಕಾದಂಬರಿಗೆ ಅಷ್ಟು ಓದುಗರು ಸಿಕ್ಕಿದ್ದರೆ ನಾವು ಅದರ ಬಗ್ಗೆ ವಿಚಾರಗೋಷ್ಠಿಯನ್ನೇ ಏರ್ಪಡಿಸುತ್ತಿದ್ದೆವಲ್ಲವೇ?

ಆಟ ನಡೆಯುವುದು ಅಜೆರಾತ್ ಎಂಬ ಕಲ್ಪಿತ ಲೋಕದಲ್ಲಿ. ಅಲ್ಲಿ ಎರಡು ಪಕ್ಷಗಳು. ನೀಲಿ ಬಾವುಟದ ಅಲಯನ್ಸ್‌ನಲ್ಲಿ ಮಾನವರು, ಗಿಡ್ಡ ದೇಹದ ಡ್ವಾರ್ಫರು ಮತ್ತು ನೋಮರು, ಕಾಡನ್ನು ಕಾಯುವ ನೈಟ್ ಎಲ್ಫರು. ಕೆಂಪು ಬಾವುಟದ ಹೋರ್ಡ್‌ನಲ್ಲಿ ಹಸಿರು ಮೈಯ ಓರ್ಕರು, ಟ್ರೋಲರು, ಗೂಳಿಯ ತಲೆಯ ಟಾರೆನರು, ಸತ್ತೂ ಸಾಯದ ಫರ್ಸೇಕನ್ನರು. ಆಡಲು ಕುಳಿತವನು ಮೊಟ್ಟಮೊದಲು ತನ್ನ ಕುಲವನ್ನು ಆರಿಸಬೇಕು. ಕುಲದ ಹಿಂದೆಯೇ ಪಕ್ಷವೂ ಬರುತ್ತದೆ. ಕಥೆ ಏನೆಂದು ತಿಳಿಯುವ ಮೊದಲೇ ನಿಷ್ಠೆಯನ್ನು ಬರೆದುಕೊಟ್ಟ ಹಾಗೆ.

ಕೇವಲ ಬಣ್ಣದ ಮೇಲೆ ನಿಷ್ಠೆ ಬೆಳೆಯುವುದಿಲ್ಲ. ಹೋರ್ಡ್‌ನ ಕಡೆಯವರು ಅಷ್ಟೊಂದು ಅಭಿಮಾನ ಬೆಳೆಸಿಕೊಂಡದ್ದೇಕೆ ಎಂಬುದಕ್ಕೆ 2002ರ ‘ವಾರ್‌ಕ್ರಾಫ್ಟ್ 3’ರಲ್ಲಿ ಉತ್ತರವಿದೆ. ಓರ್ಕರು ಬೇರೆ ಲೋಕದಿಂದ ದಾಳಿಕೋರರಾಗಿ ಬಂದವರು. ಸೋತು ಸೆರೆಶಿಬಿರಗಳಲ್ಲಿ ಕೊಳೆತವರು. ಮಾನವರ ಕೈಯಲ್ಲಿ ಗುಲಾಮನಾಗಿ ಬೆಳೆದ ಥ್ರಾಲ್ ಎಂಬ ಓರ್ಕ್ ತನ್ನವರನ್ನು ಬಿಡಿಸಿಕೊಂಡು ಸಮುದ್ರ ದಾಟಿ ಪಶ್ಚಿಮದ ಬರಡು ನೆಲಕ್ಕೆ ಬರುತ್ತಾನೆ. ದಾರಿಯಲ್ಲಿ ದ್ವೀಪ ಕಳೆದುಕೊಂಡ ಟ್ರೋಲರು ಜೊತೆಯಾಗುತ್ತಾರೆ, ನೆಲೆಯಿಲ್ಲದೆ ಅಲೆಯುತ್ತಿದ್ದ ಟಾರೆನರು ಕೈ ಹಿಡಿಯುತ್ತಾರೆ. ಆ ನೆಲಕ್ಕೆ ಥ್ರಾಲ್ ತನ್ನ ತಂದೆಯ ನೆನಪಿನಲ್ಲಿ ಡುರೊಟಾರ್ ಎಂದು ಹೆಸರಿಡುತ್ತಾನೆ. ಊರು ಬಿಟ್ಟವರು ಪರಸ್ಥಳದಲ್ಲಿ ಒಬ್ಬರಿಗೊಬ್ಬರು ಆಸರೆಯಾದ ಕಥೆ ಇದು. ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಇದರ ಆಕರ್ಷಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಟದ ರಚನೆಯೂ ಈ ಭಾವಕ್ಕೆ ನೀರೆರೆಯಿತು. ಎರಡು ಪಕ್ಷದವರು ಎದುರುಬದುರಾದರೆ ಮಾತಾಡುವಂತಿಲ್ಲ. ಒಬ್ಬನು ಬರೆದದ್ದು ಇನ್ನೊಬ್ಬನಿಗೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಓರ್ಕ್ ‘ಲಾಲ್’ ಎಂದು ನಕ್ಕರೆ ಮಾನವನಿಗೆ ಕಾಣುವುದು ‘ಕೆಕ್’ ಎಂಬ ಶಬ್ದ. ಕೈ ಬೀಸಬಹುದು, ತಲೆ ಬಾಗಬಹುದು, ಅಷ್ಟೆ. ಭಾಷೆಯೇ ಬೇಲಿಯಾದಾಗ ಬೇಲಿಯ ಈಚೆಯವರು ಹತ್ತಿರವಾಗುತ್ತಾರೆ. ಮೊದಲ ತಿಂಗಳುಗಳಲ್ಲಿ ಸೌತ್‌ಶೋರ್ ಮತ್ತು ಟ್ಯಾರನ್ ಮಿಲ್ ಎಂಬ ಎರಡು ಪುಟ್ಟ ಹಳ್ಳಿಗಳ ನಡುವೆ ಆಟಗಾರರು ಗಂಟೆಗಟ್ಟಲೆ ಕಾದಾಡಿದರು. ಆಗ ಅದಕ್ಕೆ ಬಹುಮಾನವಿರಲಿಲ್ಲ, ಯಾವ ಬರಹಗಾರನೂ ಆ ಯುದ್ಧವನ್ನು ಬರೆದಿರಲಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಕಥೆಯ ಅತ್ಯಂತ ಜೀವಂತ ಅಧ್ಯಾಯ ಅದೇ. ಹೀಗೆ ಬೆಳೆದ ಪಕ್ಷನಿಷ್ಠೆ ಕಥೆಗಾರನ ಸ್ವಂತ ಬಂಡವಾಳವಲ್ಲ, ಆಟಗಾರರು ಅವನಲ್ಲಿಟ್ಟ ಠೇವಣಿ.

ಆ ಠೇವಣಿಗೆ ಕೈ ಬಿದ್ದದ್ದು 2018ರಲ್ಲಿ. ‘ಬ್ಯಾಟಲ್ ಫಾರ್ ಅಜೆರಾತ್’ ಎಂಬ ಕಂತಿನ ಆರಂಭದಲ್ಲಿ, ಆಗಿನ ಹೋರ್ಡ್ ನಾಯಕಿ ಸಿಲ್ವಾನಸ್ ನೈಟ್ ಎಲ್ಫರ ನಗರವನ್ನು ಹೊತ್ತು ನಿಂತ ಟೆಲ್ಡ್ರಾಸಿಲ್ ಎಂಬ ಮಹಾವೃಕ್ಷಕ್ಕೆ ಬೆಂಕಿ ಹಚ್ಚಿಸುತ್ತಾಳೆ. ಒಳಗಿದ್ದವರು ಯೋಧರಲ್ಲ, ಸಾಮಾನ್ಯ ಜನ. ಅಲಯನ್ಸ್ ಪಕ್ಷದ ಆಟಗಾರ ಉರಿಯುವ ನಗರದಲ್ಲಿ ಎಷ್ಟು ಓಡಾಡಿದರೂ ಎಲ್ಲರನ್ನೂ ಉಳಿಸಲಾರ. ಹಾಗೆಂದೇ ಆ ದೃಶ್ಯ ರಚಿತವಾಗಿದೆ. ಅದು ದುಃಖ, ಆದರೆ ನ್ಯಾಯವಾದ ದುಃಖ. ಹೋರ್ಡ್ ಪಕ್ಷದವನಿಗೆ ಒದಗಿದ್ದು ಬೇರೆ. ಅವನು ಆ ದಂಡಿನಲ್ಲಿದ್ದಾನೆ. ‘ಇದು ನನ್ನಿಂದಾಗದು’ ಎನ್ನಲು ಅವನಿಗೆ ದಾರಿಯೇ ಇಲ್ಲ. ಹದಿನಾಲ್ಕು ವರ್ಷ ಆಶ್ರಯಹೀನರ ಪಕ್ಷವೆಂದು ನಂಬಿ ಹೊತ್ತ ಬಾವುಟದ ಕೆಳಗೆ, ಅವನನ್ನು ಕೇಳದೆಯೇ, ಅವನ ಕೈಗೆ ಮಸಿ ಬಳಿಯಲಾಯಿತು.

ಪಕ್ಷನಿಷ್ಠೆಯ ದುರಂತ ನಮಗೆ ಹೊಸದೇನಲ್ಲ. ಕರ್ಣನ ಕಥೆ ಬಲ್ಲ ಯಾವ ಕನ್ನಡಿಗನಿಗೂ ಅದರ ರುಚಿ ಗೊತ್ತು. ಅರ್ಜುನನನ್ನೇ ನಾಯಕನನ್ನಾಗಿಸಿ ಬರೆದ ಪಂಪನ ಮನಸ್ಸು ಕೂಡ ಕರ್ಣನ ಕಡೆಗೆ ಮಿಡಿಯಿತು. ಏಕೆ? ಪಾಂಡವರು ತನ್ನ ತಮ್ಮಂದಿರೆಂಬುದು ಕರ್ಣನಿಗೆ ತಿಳಿಯುತ್ತದೆ, ಬರುವುದಾದರೆ ಬಾ ಎಂಬ ಕರೆಯೂ ಅವನ ಮುಂದಿರುತ್ತದೆ. ತಿಳಿದೂ ತಿಳಿದೂ ಅವನು ಉಂಡ ಮನೆಯ ಕಡೆ ನಿಲ್ಲುತ್ತಾನೆ. ಆಯ್ಕೆ ಅವನದು, ಆದ್ದರಿಂದ ಕಣ್ಣೀರು ನಮ್ಮದು. ಆಯ್ಕೆಯನ್ನು ಕಸಿದುಕೊಂಡ ಮೇಲೆ ನಿಷ್ಠೆ ದುರಂತವಾಗಲಾರದು, ಬರಿಯ ಶಿಕ್ಷೆಯಾಗುತ್ತದೆ. 2018ರ ಕಥೆಯ ಮೇಲೆ ನಮ್ಮ ಮುಖ್ಯ ಆಕ್ಷೇಪಣೆ ಇದು.

ಬರಹಗಾರರಿಗೆ ಈ ಕೊರತೆ ಕಾಣಲಿಲ್ಲವೆಂದು ಹೇಳಲಾಗದು. ಸಾರ್‌ಫ್ಯಾಂಗ್ ಎಂಬ ಮುದಿ ಓರ್ಕ್ ಯೋಧನನ್ನು ಅವರು ಮುಂದೆ ತಂದರು. ದಂಡಯಾತ್ರೆಯನ್ನು ಯೋಜಿಸುವಲ್ಲಿ ಅವನ ಕೈಯಿತ್ತು. ಆದರೆ ಬೆಂಕಿಯನ್ನು ಅವನು ಎಣಿಸಿರಲಿಲ್ಲ. ಆಟಗಾರ ಆಡಲಾಗದ ಮಾತನ್ನು ಈ ಮುದುಕ ಆಡುತ್ತಾನೆ, ಆಟಗಾರ ಪಡಲಾಗದ ಪಶ್ಚಾತ್ತಾಪವನ್ನು ಪಡುತ್ತಾನೆ. ಅವನ ಪಾತ್ರಚಿತ್ರಣವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆಮೇಲೆ ಹೋರ್ಡ್ ಆಟಗಾರರಿಗೆ ಸಿಲ್ವಾನಸಳ ಕಡೆಯೋ ಸಾರ್‌ಫ್ಯಾಂಗ್‌ನ ಕಡೆಯೋ ಎಂಬ ಆಯ್ಕೆಯನ್ನೂ ಕೊಟ್ಟರು. ಆದರೆ ಎರಡು ದಾರಿಯೂ ಒಂದೇ ಬಾಗಿಲಿಗೆ ಬಂದವು. 2019ರ ಸೆಪ್ಟೆಂಬರಿನಲ್ಲಿ ದ್ವಂದ್ವಯುದ್ಧದಲ್ಲಿ ಸಾರ್‌ಫ್ಯಾಂಗ್ ಮಡಿದ. ಸಿಲ್ವಾನಸ್ ಹೋರ್ಡ್ ಎಂಬುದು ಏನೂ ಅಲ್ಲವೆಂದು ಎಲ್ಲರೆದುರು ಹೀಗಳೆದು ಹೊರಟುಹೋದಳು. ಕೊನೆಯವರೆಗೂ ಅವಳ ಜೊತೆ ನಿಂತವರಿಗೆ ಸಿಕ್ಕ ಪ್ರತಿಫಲ ಅದು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ, 2019ರ ಆಗಸ್ಟಿನಲ್ಲಿ, ಅದೇ ಸಂಸ್ಥೆ ಹಳೆಯ ಆಟವನ್ನು ‘ಕ್ಲಾಸಿಕ್’ ಎಂಬ ಹೆಸರಿನಲ್ಲಿ ಮತ್ತೆ ತೆರೆದಿತ್ತು. ಇದು ಸುಮ್ಮನೆ ಬಂದದ್ದಲ್ಲ. 2010ರ ‘ಕೆಟಾಕ್ಲಿಸಮ್’ ಕಂತು ಹಳೆಯ ಊರುಕೇರಿಗಳನ್ನು ಬುಡಮೇಲು ಮಾಡಿತ್ತು, ಸೌತ್‌ಶೋರ್ ಹಾಳುಬಿದ್ದಿತ್ತು. ಹಳೆಯ ಲೋಕವನ್ನು ಖಾಸಗಿಯಾಗಿ ನಡೆಸುತ್ತಿದ್ದ ‘ನಾಸ್ಟಲ್ರಿಯಸ್’ ಎಂಬ ಕೇಂದ್ರ 2016ರಲ್ಲಿ ಕಾನೂನಿನ ಬೆದರಿಕೆಯಿಂದ ಮುಚ್ಚಿದಾಗ ಎರಡು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಅದರ ಫಲವಾಗಿ ಒಂದೇ ಕಾಲದಲ್ಲಿ ಎರಡು ಅಜೆರಾತ್‌ಗಳಾದವು. ಒಂದರಲ್ಲಿ ಮಹಾವೃಕ್ಷ ಸುಟ್ಟು ಕರಕಲಾಗಿದೆ. ಇನ್ನೊಂದರಲ್ಲಿ ಹಸಿರಾಗಿ ನಿಂತಿದೆ, ಸೌತ್‌ಶೋರಿನ ಮನೆಗಳಲ್ಲಿ ದೀಪ ಉರಿಯುತ್ತಿದೆ.

ಹಿಂದಿನದರ ಹಂಬಲ ಇದರಿಂದ ತೀರಿತೇ? ಅರ್ಧ ತೀರಿತು. ಬೆಟ್ಟ, ದಾರಿ, ಹೋಟೆಲು ಎಲ್ಲವೂ ಇದ್ದಲ್ಲೇ ಇದ್ದವು. ಬಂದವರು ಮಾತ್ರ ಬದಲಾಗಿದ್ದರು. ಮೊದಲ ಸಲ ತಿಂಗಳುಗಟ್ಟಲೆ ಹೆಣಗಿ ಕೊಂದ ರಾಗ್ನರಾಸ್ ಎಂಬ ಅಗ್ನಿದೈತ್ಯನನ್ನು ಈ ಸಲ ಒಂದು ವಾರದೊಳಗೆ ಮುಗಿಸಿದರು. ಎಲ್ಲವೂ ಗೊತ್ತಿದ್ದವರಿಗೆ ದಾರಿ ತಪ್ಪುವ ಭಾಗ್ಯ ಎಲ್ಲಿಯದು? ದಾರಿ ತಪ್ಪಿದಾಗಲೇ ಅಲ್ಲವೇ ಅಪರಿಚಿತನೊಬ್ಬ ಜೊತೆಯಾದದ್ದು! ಹಂಬಲವಿದ್ದದ್ದು ಆ ಜೊತೆಗೆ. ಬಾವುಟ ಅದರ ಗುರುತು ಮಾತ್ರ. ಹತ್ತು ವರ್ಷದ ಮೇಲೆ ಊರಿಗೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಗುರುತಿನ ಮುಖ ಕಾಣದೆ ನಿಂತವರಿಗೆ ಈ ಮಾತು ತಿಳಿಯುತ್ತದೆ.

2022ರ ಮೇ ತಿಂಗಳಿಂದ ಎರಡೂ ಪಕ್ಷದವರು ಒಂದೇ ತಂಡದಲ್ಲಿ ಸಾಹಸಗಳಿಗೆ ಹೋಗಬಹುದಾಯಿತು. 2023ರಲ್ಲಿ ಒಂದೇ ಸಂಘಕ್ಕೂ ಸೇರಬಹುದಾಯಿತು. ಪಕ್ಷ ಅಳಿದರೆ ಆಟದ ಕಳೆಯೇ ಹೋಯಿತೆಂದು ಹಳಬರು ಕೆಲವರು ಗೊಣಗಿದರು. ನಾವು ಹಾಗೆನ್ನುವುದಿಲ್ಲ. ಬೇಲಿಯ ಆಚೆ ಕೈ ಬೀಸುತ್ತಿದ್ದವನ ಮಾತು ಕೊನೆಗೂ ಅರ್ಥವಾದದ್ದು ಒಳ್ಳೆಯದೇ. ನಮ್ಮ ದೂರು ಇಷ್ಟೆ: ಕಥೆ ಈ ಸ್ನೇಹಕ್ಕೆ ಬೆಲೆ ತೆತ್ತು ಬರಲಿಲ್ಲ. ಮರ ಸುಟ್ಟ ಲೆಕ್ಕ 2022ರಲ್ಲಿ ಸಿಲ್ವಾನಸಳೊಬ್ಬಳ ತಲೆಯ ಮೇಲೆ ಬಿತ್ತು. ಪರಲೋಕದ ನರಕದಲ್ಲಿ ಸಿಕ್ಕಿಬಿದ್ದ ಆತ್ಮಗಳನ್ನು ಬಿಡಿಸುವ ಶಿಕ್ಷೆಯನ್ನು ನೈಟ್ ಎಲ್ಫರ ನಾಯಕಿ ಟಿರಾಂಡೆ ಅವಳಿಗೆ ವಿಧಿಸಿದಳು. ದಂಡಿನಲ್ಲಿ ನಡೆದ ಸಾವಿರಾರು ಜನರ ಪಾಲೇನು ಎಂಬ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ನಾಯಕಿಯನ್ನು ದೂರಿ ಉಳಿದವರು ಕೈ ತೊಳೆದುಕೊಳ್ಳುವುದು ಲೋಕದಲ್ಲಿ ನಡೆಯುತ್ತದೆ, ನಿಜ. ಆದರೆ ಒಳ್ಳೆಯ ಕಥೆ ಅದನ್ನು ತೋರಿಸಿ ನಮ್ಮನ್ನು ಚುಚ್ಚಬೇಕು, ಮರೆಸಿ ಸಮಾಧಾನ ಮಾಡಬಾರದು.

ಇಷ್ಟು ಕುಂದುಗಳಿದ್ದೂ ಈ ಕಥೆ ಗಣನೀಯವೆಂದೇ ನಮ್ಮ ಅಭಿಪ್ರಾಯ. ಒಂದು ಮರ ಉರಿದುದಕ್ಕೆ ದೇಶದೇಶಗಳ ಜನ ಮನಸ್ಸು ನೋಯಿಸಿಕೊಂಡರೆಂದರೆ ಅಲ್ಲಿ ಏನೋ ಬೇರು ಬಿಟ್ಟಿತ್ತೆಂದೇ ಅರ್ಥ. ಓದುಗ ಬಂಧುಗಳ ಮನೆಯಲ್ಲಿ ಈ ಆಟ ಬಲ್ಲ ತರುಣರಿದ್ದರೆ, ನೀನು ಯಾವ ಪಕ್ಷದವನಪ್ಪಾ ಎಂದು ಒಮ್ಮೆ ಕೇಳಿನೋಡಿ. ಕೆಂಪೆಂದೋ ನೀಲಿಯೆಂದೋ ಹೇಳಿ ಅವನು ಅಲ್ಲಿಗೇ ನಿಲ್ಲಿಸಲಾರ. ಎರಡನೆಯ ಮಾತಿಗೇ ಗೆಳೆಯರ ಹೆಸರುಗಳು ಬರುತ್ತವೆ.