ಹಲ್ಲಿಗಿಂತ ಮೇಲಿರುವ ನಗು

ಕನ್ನಡ ಚಿತ್ರಗಳ ಹಾಸ್ಯನಟ ನರಸಿಂಹರಾಜು ಅವರ ಹಳೆಯ ಕಪ್ಪು ಬಿಳುಪು ಸ್ಟಿಲ್ ಒಂದನ್ನು ಎದುರಿಗಿಟ್ಟುಕೊಂಡು ಕ್ಯಾರಿಕೇಚರ್ ಬರೆಯಲು ಕೂತವರ ಪೆನ್ಸಿಲ್ ಮೊದಲು ಓಡುವುದು ಆ ಉಬ್ಬುಹಲ್ಲಿನ ಕಡೆಗೆ. ಹಲ್ಲು ಮೂಡಿದ ಕೂಡಲೇ ನೋಡಿದವರಿಗೆಲ್ಲ ಗುರುತು ಹತ್ತುತ್ತದೆ. ಅಲ್ಲಿಗೇ ಕೈ ನಿಲ್ಲಿಸಿದ ಚಿತ್ರಗಳೇ ಹೆಚ್ಚು. ಆದರೆ ಅವರ ನಗು ಹುಟ್ಟುವುದು ಹಲ್ಲಿಗಿಂತ ಮೇಲೆ. ಬಡಕಲು ಕೆನ್ನೆಯ ತಗ್ಗು, ಬೆರಗಿನಿಂದ ಅರಳಿದ ಕಣ್ಣು, ಹಣೆಗೆ ಏರಿ ನಿಂತ ಹುಬ್ಬು. ‘ಸತ್ಯ ಹರಿಶ್ಚಂದ್ರ’ದ (1965) ನಕ್ಷತ್ರಿಕನನ್ನೇ ನೋಡಿ. ರಾಜ್ಯ ಕಳೆದುಕೊಂಡ ಅರಸನ ಬೆನ್ನುಬಿದ್ದು ಋಣ ಕೇಳುವ ಪೀಡೆ ಅವನು. ಆದರೂ ಆ ಮುಖವನ್ನು ದ್ವೇಷಿಸಲಾಗುವುದಿಲ್ಲ. ಹುಬ್ಬಿನ ಗೆರೆಯನ್ನು ಒಂದೇ ಎಳೆತದಲ್ಲಿ, ಕೊನೆಯಲ್ಲಿ ತುಸು ನಡುಗಿಸಿ ಎಳೆದರೆ ಆ ಪೀಡೆ, ಆ ಮುಗ್ಧತೆ ಎರಡೂ ಒಟ್ಟಿಗೆ ಇಳಿದು ಬರುತ್ತವೆ. ಹಲ್ಲನ್ನು ಆಮೇಲೆ ಬರೆಯಬಹುದು, ಸಣ್ಣದಾಗಿಯೇ.

ಆ ಕಾಲದ ಸ್ಟುಡಿಯೊ ದೀಪಗಳು ಅರ್ಧ ಕೆಲಸ ಮಾಡಿಕೊಟ್ಟಿರುತ್ತವೆ. ಕಣ್ಣು ಕಿರಿದು ಮಾಡಿ ಫೋಟೊ ನೋಡಿ: ವಿವರವೆಲ್ಲ ಕರಗಿ, ಮೂಗಿನ ಪಕ್ಕದ್ದೊಂದು, ಗಲ್ಲದ ಕೆಳಗಿನದೊಂದು, ಹೀಗೆ ನಾಲ್ಕಾರು ನೆರಳು ಮಾತ್ರ ಉಳಿಯುತ್ತವೆ. ಅವುಗಳ ಆಕಾರ ಸರಿಯಾಗಿ ಕೂತರೆ ಕಣ್ಣಿನ ರೆಪ್ಪೆ ಎಣಿಸಬೇಕಿಲ್ಲ.

ಟಿ.ಎನ್. ಬಾಲಕೃಷ್ಣ ಅವರ ಮುಖ ನನಗೆ ಇನ್ನೂ ಇಷ್ಟ. ಬಾಲಣ್ಣ ಎಂದೇ ಕರೆಸಿಕೊಂಡ ಅವರಿಗೆ ಕಿವಿ ಮಂದವಾಗಿತ್ತು. ಎದುರಿನ ನಟನ ತುಟಿಯಾಡುವುದನ್ನು ಗಮನಿಸಿ ತಮ್ಮ ಮಾತು ಹೇಳುತ್ತಿದ್ದರು. ಇದು ಗೊತ್ತಾದ ಮೇಲೆ ಅವರ ಸ್ಟಿಲ್‌ಗಳಲ್ಲಿ ಕಣ್ಣಿಗೆ ಬೇರೆಯೇ ತೂಕ ಬರುತ್ತದೆ. ಕುತಂತ್ರಿಯ ಪಾತ್ರದಲ್ಲಿ ಓರೆನೋಟವಾಗಿ ಕಂಡದ್ದರ ಒಳಗೆ ಎಂಥ ಏಕಾಗ್ರತೆ! ಅವರನ್ನು ಬರೆಯುವವರು ಹಿಗ್ಗಿಸಬೇಕಾದದ್ದು ಆ ನೋಟವನ್ನೇ.

ರಾಜಕುಮಾರ್ ಕಷ್ಟ. ‘ಬೇಡರ ಕಣ್ಣಪ್ಪ’ದಿಂದಲೂ (1954) ಆ ನೀಳ ಮೂಗು ಎಲ್ಲರ ಕೈಗೂ ಸಿಗುತ್ತದೆ, ಅದನ್ನು ಎಷ್ಟು ಬೇಕಾದರೂ ಎಳೆಯಬಹುದು. ಎಳೆದಷ್ಟೂ ಪಾತ್ರದ ಗಾಂಭೀರ್ಯ ಸೋರಿಹೋಗುತ್ತದೆ. ಮೂಗನ್ನು ಇದ್ದಷ್ಟೇ ಬಿಟ್ಟು ಕತ್ತಿನ ನಿಲುವನ್ನು ಹಿಡಿದವರು ಗೆದ್ದಿದ್ದಾರೆ.

ಪಂಢರಿಬಾಯಿಯವರನ್ನು ಕ್ಯಾರಿಕೇಚರ್‌ಗೆ ಎತ್ತಿಕೊಳ್ಳುವವರು ಕಡಿಮೆ. ಹಿಗ್ಗಿಸಲು ಅಲ್ಲಿ ಏನೂ ಎದ್ದು ಕಾಣುವುದಿಲ್ಲ. ಇರುವುದೆಲ್ಲ ತಗ್ಗಿದ ರೆಪ್ಪೆ, ಅಳುವನ್ನು ಕಚ್ಚಿ ಹಿಡಿದ ತುಟಿ. ಆ ತುಟಿಯ ಅಂಚಿನಲ್ಲಿ ಗೆರೆ ಕೂದಲೆಳೆಯಷ್ಟು ದಪ್ಪವಾದರೂ ಸಾಕು, ‘ಸತ್ಯ ಹರಿಶ್ಚಂದ್ರ’ದ ಅವರ ಚಂದ್ರಮತಿ ಎದ್ದುಹೋಗಿ ಅಲ್ಲಿ ಬೇರೆ ಯಾರೋ ಕೂತಿರುತ್ತಾರೆ.