ಎಂಟು ತಾಸಿನೊಳಗೆ ಸೇರದ ದಾರಿ

ಕೋಲಾರದ ಚಿನ್ನದ ಗಣಿಗಳ ಊರು ಕೆ.ಜಿ.ಎಫ್. ಕುರಿತು ಬರೆಯಲು ಕೂತ ಕನ್ನಡದ ಲೇಖಕನಿಗೆ ಎರಡು ಕಥೆ ಸಿದ್ಧವಾಗಿ ಸಿಗುತ್ತವೆ. ಒಂದು, ಬ್ರಿಟಿಷರ ಕಾಲದ ‘ಮಿನಿ ಇಂಗ್ಲೆಂಡ್’ ಹಾಳುಬಿದ್ದದ್ದು. ಇನ್ನೊಂದು, ಗಣಿ ಮುಚ್ಚಿದರೂ ಎದೆಗುಂದದೆ ನಸುಕಿನಲ್ಲೆದ್ದು ಬೆಂಗಳೂರಿನ ರೈಲು ಹತ್ತುವ ಜನರ ಛಲ. 2018ರ ಸಿನಿಮಾದ ನಂತರ ಮೂರನೆಯದೂ ಹುಟ್ಟಿಕೊಂಡಿದೆ, ಅದರ ಮಾತು ಇಲ್ಲಿ ಬೇಡ. ನನ್ನ ತಕರಾರು ಛಲದ ಕಥೆಯ ಜೊತೆ. ಅದನ್ನು ಬರೆದವರು ಪ್ರೀತಿಯಿಂದಲೇ ಬರೆದಿದ್ದಾರೆ, ಆದರೆ ರೈಲಿನಲ್ಲಿ ಕಳೆಯುವ ಹೊತ್ತನ್ನು ಯಾರ ಖಾತೆಗೆ ಬರೆಯಬೇಕು ಎಂದು ಕೇಳಿಕೊಂಡಿಲ್ಲ.

ರೈಲು ಮಾರಿಕುಪ್ಪಂನಲ್ಲಿ ಹೊರಟು ಚಾಂಪಿಯನ್, ಕೋರಮಂಡಲ್, ಊರಗಾಂ ದಾಟುತ್ತದೆ. ಗಣಿಗಳ ಹೆಸರೇ ನಿಲ್ದಾಣಗಳ ಹೆಸರು. ಬಂಗಾರಪೇಟೆಯ ನಂತರ ವೈಟ್‌ಫೀಲ್ಡ್, ಕೆ.ಆರ್. ಪುರ, ದಂಡು. 80 ಕಿ.ಮೀ.ಗೂ ಹೆಚ್ಚಿನ ದಾರಿ, ಹೋಗಿಬರಲು ನಾಲ್ಕು ತಾಸಿನ ಆಸುಪಾಸು. ಗಣಿಗಾಗಿ 1894ರಲ್ಲಿ ಹಾಕಿದ ಹಳಿ ಅದು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಅದೇ ಹಳಿ ಗಣಿಯ ಮನೆಗಳಿಂದ ಆಳುಗಳನ್ನು ಹೊರಗೆ ಹೊರುತ್ತಿದೆ.

ಗಣಿಯವರಿಗೆ ದೂರದ ಓಡಾಟ ಹೊಸದೆಂದು ಛಲದ ಕಥೆ ನಂಬಿದೆ. ಅದು ಹೊಸದಲ್ಲ. ಚಾಂಪಿಯನ್ ರೀಫ್ ಗಣಿಯ ಆಳವೇ 3 ಕಿ.ಮೀ. ದಾಟಿತ್ತು. ಪಂಜರದಲ್ಲಿ ನಿಂತು ಇಳಿಯುವುದು, ಇನ್ನೊಂದು ಶಾಫ್ಟ್ ಹಿಡಿಯುವುದು, ಆಮೇಲೆ ಕಾವಿನಲ್ಲಿ ನಡೆಯುವುದು: ಅದೂ ದಿನದಿನದ ಪಯಣವೇ, ನೆಟ್ಟಗೆ ಕೆಳಮುಖವಾದದ್ದು. ಆದರೆ 1952ರ ಗಣಿ ಕಾಯ್ದೆ ನೆಲದಡಿಯ ದುಡಿಮೆಗೆ ದಿನಕ್ಕೆ 8 ತಾಸಿನ ಮಿತಿ ಹಾಕಿತು. ಪಾಳಿಯ ಹೊತ್ತಿನ ಹೊರಗೆ ಯಾರೂ ಕೆಳಗೆ ಇರಕೂಡದು ಎಂದೂ ಹೇಳಿತು. ಅಂದರೆ ಇಳಿಯುವ, ಏರುವ ಹೊತ್ತು ಪಾಳಿಯೊಳಗೇ ಸೇರಿಹೋಯಿತು. ಅದೇ ಮನೆಯ ಮಗ ಇಂದು ಅಡ್ಡಡ್ಡ ಸಾಗುವ ನಾಲ್ಕು ತಾಸು ಯಾವ ಪಾಳಿಯಲ್ಲೂ ಇಲ್ಲ. ಪಾಸಿನ ದುಡ್ಡೂ ಅವನದೇ.

ಹಾಗಾದರೆ ಗಣಿಯೇ ಸ್ವರ್ಗವಾಗಿತ್ತೇ ಎಂದು ಕೇಳಬಹುದು. ಖಂಡಿತ ಅಲ್ಲ. 1940ರ ದಶಕದಲ್ಲಿ ಅಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43.7 ಮಂದಿಯ ಪುಪ್ಪುಸದಲ್ಲಿ ಕಲ್ಲುಧೂಳಿನ ರೋಗ ಸಿಲಿಕೋಸಿಸ್ ಕಂಡಿತು. ಮಿನಿ ಇಂಗ್ಲೆಂಡಿನ ಹಳಹಳಿಕೆಯವರು ಈ ಅಂಕಿಯನ್ನು ಕ್ಲಬ್ಬಿನ ಫೋಟೋ ಪಕ್ಕದಲ್ಲಿಟ್ಟು ನೋಡಲಿ. ಆದರೆ ಆ ರೋಗವನ್ನು ಎಣಿಸಿದ್ದರು, ಅದಕ್ಕೊಂದು ಹೆಸರಿತ್ತು, ಜಗಳವಾಡಲು ಎದುರಿಗೆ ಒಂದು ಕಂಪನಿಯಿತ್ತು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಮದ್ದೂರಿನವರೂ ತುಮಕೂರಿನವರೂ ದಿನಾ ಬೆಂಗಳೂರಿಗೆ ಹೋಗುತ್ತಾರೆ, ಕೆ.ಜಿ.ಎಫ್.ನದ್ದೇನು ವಿಶೇಷ? ರೈಲು ಇರದಿದ್ದರೆ ಊರು ಎಂದೋ ಬರಿದಾಗುತ್ತಿತ್ತು ಎಂಬುದನ್ನೂ ಒಪ್ಪುತ್ತೇನೆ. ವಿಶೇಷವಿರುವುದು ಮನೆಯಲ್ಲಿ. ಗಣಿ ಕಾರ್ಮಿಕರಿಗೆಂದು ಕಟ್ಟಿದ ಲೈನು ಮನೆಗಳಲ್ಲಿ, ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಧೂಳಿನ ಮಗ್ಗುಲಲ್ಲಿ, ಈ ಕುಟುಂಬಗಳು ಉಳಿದಿವೆ. ಇದನ್ನು ‘ಮಣ್ಣಿನ ಮೋಹ’ ಎಂದು ಬರೆಯುವುದು ಸಲೀಸು. ನನ್ನ ಓದು ಬೇರೆ. ಬೆಂಗಳೂರಿನ ಬಾಡಿಗೆ ಕಟ್ಟಬೇಕಿಲ್ಲದ ಆಳು ಬೆಂಗಳೂರಿಗೆ ಅಗ್ಗದ ಆಳು. ಕಾವಲುಗಾರನಿಗೆ, ಅಂಗಡಿಯ ಹುಡುಗಿಗೆ ಅಷ್ಟು ಕಡಿಮೆ ಪಗಾರ ಕೊಟ್ಟೂ ದಕ್ಕಿಸಿಕೊಳ್ಳಲು ಆಗುವುದು, ಸತ್ತುಹೋದ ಗಣಿ ಅವರ ತಲೆಮೇಲೆ ಇನ್ನೂ ಸೂರು ಹಿಡಿದು ನಿಂತಿರುವುದರಿಂದ. ಹೋಲಿಕೆಗೆ ನೋಡಿ: ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಂಪನಿಗಳು ಪರ್ತ್‌ನಿಂದ ಪಿಲ್ಬಾರದ ಅದಿರು ಗಣಿಗಳಿಗೆ ಕಾರ್ಮಿಕರನ್ನು ವಿಮಾನದಲ್ಲಿ ಒಯ್ದು ಕ್ಯಾಂಪಿನಲ್ಲಿ ಇಡುತ್ತವೆ. ಆ ಬದುಕು ಮನಸ್ಸನ್ನು ಹೇಗೆ ಕೆಡಿಸುತ್ತದೆಂದು ಅಲ್ಲಿನ ಸಂಸದೀಯ ಸಮಿತಿಯೊಂದು 2015ರಲ್ಲಿ ವರದಿ ಕೊಟ್ಟಿತು. ಅಲ್ಲಿ ಗಣಿಯ ಕಡೆಗೆ ಪಯಣ, ಇಲ್ಲಿ ಗಣಿಯಿಂದಾಚೆಗೆ. ಹೊಣೆಗಾರ ಯಾರೆಂದು ಅಲ್ಲಿ ಬೊಟ್ಟುಮಾಡಿ ತೋರಿಸಬಹುದು.

ಮಹಾರಾಷ್ಟ್ರದ ಮಿರಜ ತಾಲೂಕಿನ ಲಿಂಗನೂರಿನಲ್ಲಿ ಕೂತವನಿಗೆ ಕೋಲಾರದ ಉಸಾಬರಿ ಯಾಕೆ ಎನ್ನುವಿರಿ. ಬೇರೆ ಭಾಷೆಯ ರಾಜ್ಯದಲ್ಲಿ ಎಣಿಕೆಗೆ ಸಿಗದೆ ಬದುಕುವುದು ಏನೆಂದು ಗಡಿಯ ಈಚೆಯ ಕನ್ನಡಿಗನಿಗೆ ಯಾರೂ ಕಲಿಸಬೇಕಿಲ್ಲ. ನಮ್ಮನ್ನು ಮಹಾರಾಷ್ಟ್ರ ಕಾಣುವುದಿಲ್ಲ ಎಂದು ನಾವು ದೂರುತ್ತೇವೆ. ಕೆ.ಜಿ.ಎಫ್.ನ ತಮಿಳು ಮಾತಿನ ದಲಿತ ಗಣಿಗಾರರನ್ನು ಕನ್ನಡದ ವಿಮರ್ಶೆ ಎಷ್ಟು ಕಂಡಿದೆ? ಛಲ ಎಂಬ ಪದ ಆ ಮರೆವಿಗೆ ಹೊದಿಸಿದ ಶಾಲು.

1930ರಲ್ಲಿ ಇದೇ ಗಣಿಯ ಕಾರ್ಮಿಕರು ನೋಂದಣಿಗೆ ಬೆರಳಚ್ಚು ಕೊಡುವುದಿಲ್ಲವೆಂದು ಕೆಲಸ ನಿಲ್ಲಿಸಿದ್ದರು. ಅವರ ಮೊಮ್ಮಕ್ಕಳಿಗೆ ಬೆಂಗಳೂರಿನ ಗೇಟಿನಲ್ಲಿ ಬೆರಳಿಡುವ ಯಂತ್ರ ಕಾದಿರುತ್ತದೆ. ರೈಲು ಕಾಲು ತಾಸು ತಡವಾದರೆ ಅದು ಬರೆದುಕೊಳ್ಳುತ್ತದೆ. ನಾಲ್ಕು ಗಂಟೆಗೆ ಎದ್ದದ್ದನ್ನು ಬರೆದುಕೊಳ್ಳುವುದಿಲ್ಲ.