ಒಂದು ನಿಮಿಷದ ಪ್ರೇಮ, ಎಂಬತ್ತು ಕಂತಿನ ಸೇಡು

2024ರಲ್ಲಿ ಚೀನಾದ ಚಿತ್ರಮಂದಿರಗಳೆಲ್ಲ ಸೇರಿ ಗಳಿಸಿದ್ದು ಸುಮಾರು 4,250 ಕೋಟಿ ಯುವಾನ್. ಅದೇ ವರ್ಷ ಮೊಬೈಲಿನಲ್ಲಷ್ಟೇ ನೋಡುವ, ಕಂತಿಗೆ ಒಂದೆರಡು ನಿಮಿಷ ಮೀರದ ಕಿರುಧಾರಾವಾಹಿಗಳ ವಹಿವಾಟು 5,000 ಕೋಟಿ ಯುವಾನ್ ದಾಟಿತೆಂಬುದು ಆ ಉದ್ಯಮದ ಅಂದಾಜು. ವರ್ಷದ ಕೊನೆಗೆ ಅವನ್ನು ನೋಡುವವರ ಸಂಖ್ಯೆ 66.2 ಕೋಟಿ ಎಂದು ಅಲ್ಲಿನ ಇಂಟರ್‌ನೆಟ್ ಮಾಹಿತಿ ಕೇಂದ್ರ ಲೆಕ್ಕ ಕೊಟ್ಟಿತು. ಇಷ್ಟು ಜನ ನೋಡುವುದನ್ನು ‘ಕಸ’ ಎಂದು ಮೂಗು ಮುರಿದು ಮುಂದೆ ಹೋಗುವುದು ಸುಲಭ, ಆದರೆ ಅದು ವಿಮರ್ಶೆಯಲ್ಲ. ಹಾಗೆಂದು ಜನ ಮೆಚ್ಚಿದರೆಂಬ ಒಂದೇ ಕಾರಣಕ್ಕೆ ತಲೆಬಾಗುವುದೂ ವಿಮರ್ಶೆಯಲ್ಲ. ಈ ಸರಣಿಗಳಲ್ಲಿ ದೊಡ್ಡ ಪಾಲು ಪ್ರೇಮಕಥೆಗಳದ್ದು. ಅವುಗಳಲ್ಲಿ ಪ್ರೇಮ ಎಷ್ಟಿದೆ ಎಂಬುದೇ ನನ್ನ ಪ್ರಶ್ನೆ.

ಮೊದಲು ಇವುಗಳ ಮೈಕಟ್ಟು ನೋಡೋಣ. ಒಂದು ಸರಣಿಗೆ ಅರವತ್ತರಿಂದ ನೂರು ಕಂತು. ಎಲ್ಲ ಕೂಡಿಸಿದರೆ ಒಂದೂವರೆ-ಎರಡು ಗಂಟೆ, ಅಂದರೆ ಒಂದು ಸಿನಿಮಾದಷ್ಟು. ಚಿತ್ರೀಕರಣ ಒಂದು ವಾರ, ಹೆಚ್ಚೆಂದರೆ ಹತ್ತು ದಿನದಲ್ಲಿ ಮುಗಿಯುತ್ತದೆ. ಅರಮನೆ, ಕೋಟೆಗಳ ಸೆಟ್‌ಗಳಿಗೆ ಹೆಸರಾದ ಝೆಜಿಯಾಂಗ್ ಪ್ರಾಂತ್ಯದ ಹೆಂಗ್ಡಿಯನ್‌ನಲ್ಲಿ, ಶಿಯಾನ್ ಮತ್ತು ಝೆಂಗ್‌ಝೌ ನಗರಗಳಲ್ಲಿ ಇದೇ ಕಸುಬಾಗಿಬಿಟ್ಟಿದೆ. ಮೊದಲ ಹತ್ತು ಕಂತು ಪುಕ್ಕಟೆ. ಕಥೆ ಕುತ್ತಿಗೆಗೆ ಬಂದಾಗ ಪರದೆ ನಿಂತು, ಮುಂದಿನದಕ್ಕೆ ‘ಕಾಯಿನ್’ ಕೊಳ್ಳಿ ಇಲ್ಲವೇ ಜಾಹೀರಾತು ನೋಡಿ ಎನ್ನುತ್ತದೆ. ಬಂದ ಹಣದ ಬಹುಪಾಲು ನಟರಿಗೂ ಹೋಗುವುದಿಲ್ಲ, ಬರಹಗಾರರಿಗೂ ಹೋಗುವುದಿಲ್ಲ. ಹೊಸ ನೋಡುಗರನ್ನು ಎಳೆದು ತರುವ ಜಾಹೀರಾತಿಗೇ ಅದು ಖರ್ಚಾಗುತ್ತದೆ.

ಒಂದು ಮಾದರಿ ಆರಂಭವನ್ನು ಹತ್ತಿರದಿಂದ ನೋಡಬಹುದು. ಐಷಾರಾಮಿ ಹೋಟೆಲಿನ ಸಭಾಂಗಣ. ಮಾಸಿದ ಅಂಗಿಯ ಹುಡುಗಿ ಒಳಗೆ ಬರುತ್ತಾಳೆ. ಮೂರನೇ ಸೆಕೆಂಡಿಗೆ ಯಾರೋ ಅವಳ ಮುಖಕ್ಕೆ ವೈನ್ ಎರಚುತ್ತಾರೆ. ಹತ್ತನೇ ಸೆಕೆಂಡಿಗೆ ಅತ್ತೆಯಾಗಬೇಕಿದ್ದವಳು ನಿಶ್ಚಿತಾರ್ಥ ಮುರಿದ ಕಾಗದವನ್ನು ನೆಲಕ್ಕೆ ಬಿಸಾಡುತ್ತಾಳೆ. ಮೂವತ್ತನೇ ಸೆಕೆಂಡಿಗೆ ಕಪಾಳಮೋಕ್ಷ, ಅದೂ ಮೂರು ಕೋನಗಳಿಂದ ಮೂರು ಸಲ. ಐವತ್ತನೇ ಸೆಕೆಂಡಿಗೆ ಬಾಗಿಲು ತೆರೆದು ಕಪ್ಪು ಸೂಟಿನ ಸಾಲು ಒಳಗೆ ಬರುತ್ತದೆ. ಅವರ ನಡುವಿನ ಎತ್ತರದ ಗಂಡಸು ಹುಡುಗಿಯ ಕಡೆ ನೋಡಿ ಒಂದು ಮಾತು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಂತು ಮುಗಿಯುತ್ತದೆ. ಈ ಒಂದು ನಿಮಿಷದಲ್ಲಿ ಮೂರು ಅವಮಾನಗಳಿವೆ, ಒಂದು ರಕ್ಷಣೆಯ ಭರವಸೆ ಇದೆ. ಪ್ರೇಮವೆಂದು ಕರೆಯಬಹುದಾದ ಒಂದು ಕ್ಷಣವೂ ಇಲ್ಲ. ಮುಂದಿನ ಎಪ್ಪತ್ತೊಂಬತ್ತು ಕಂತುಗಳಲ್ಲೂ ಪ್ರಮಾಣ ಹೆಚ್ಚುಕಡಿಮೆ ಇದೇ.

ಇವುಗಳ ಆಕರ್ಷಣೆಯ ಗುಟ್ಟೂ ಇಲ್ಲೇ ಇದೆ. ಹೊರಗಿನಿಂದ ಪ್ರೇಮಕಥೆಯಾಗಿ ಕಾಣುವ ಇವು ಒಳಗೆ ಮರ್ಯಾದೆಯ ಕಥೆಗಳು. ತನ್ನನ್ನು ತುಚ್ಛವಾಗಿ ಕಂಡವರ ಮುಂದೆಯೇ ತನ್ನ ಬೆಲೆ ಎಲ್ಲರಿಗೂ ಗೊತ್ತಾಗಬೇಕೆಂಬ ಆಸೆ ಮನುಷ್ಯನಿಗೆ ಸಣ್ಣದೇನಲ್ಲ. ಶಕುಂತಲೆಯ ಕಥೆಯಿಂದ ಹಿಡಿದು ಎಷ್ಟೋ ಕಥೆಗಳು ಗುರುತು ಸಿಗದೆ ಹೋದವರು ಗುರುತು ಪಡೆಯುವ ಕಥೆಗಳೇ. ದಿನವಿಡೀ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಬೈಸಿಕೊಂಡು ಬಂದವರಿಗೆ ನ್ಯಾಯ ಸಿಗಲು ಹತ್ತು ವರ್ಷ ಕಾಯುವ ಕಾದಂಬರಿ ಬೇಡ. ಬಸ್ಸು ಬರುವಷ್ಟರಲ್ಲಿ ಕಪಾಳಕ್ಕೆ ಕಪಾಳ ಬಿದ್ದರೆ ಸಾಕು. ಇನ್ನೊಂದು ಗುಣವನ್ನೂ ಒಪ್ಪಿಕೊಳ್ಳಬೇಕು. ಐವತ್ತು ದಾಟಿದ, ನೆಲ ಒರೆಸುವ ಕೆಲಸದ ಹೆಂಗಸನ್ನು ನಾಯಕಿ ಮಾಡಿ, ಅವಳ ಮರುಮದುವೆಯ ಸಂಭ್ರಮವನ್ನು ನಾಚಿಕೆಯಿಲ್ಲದೆ ತೋರಿಸುವ ಸರಣಿಗಳು ಚೀನಾದಲ್ಲಿ ಬಂದಿವೆ. ದೊಡ್ಡ ಬಜೆಟ್ಟಿನ ಟಿವಿ ಆಕೆಯನ್ನು ನಾಯಕನ ತಾಯಿಯ ಪಾತ್ರಕ್ಕಷ್ಟೇ ಕರೆಯುತ್ತಿತ್ತು. ಅಗ್ಗದ ಈ ಪ್ರಕಾರ ಅವಳಿಗೂ ಹರೆಯದ ಹಕ್ಕು ಕೊಟ್ಟಿತು.

ಈ ಪ್ರಕಾರಕ್ಕೆ ಹಿರಿಯರಿದ್ದಾರೆ. ಕಳೆದ ಶತಮಾನದ ಆರಂಭದಲ್ಲಿ ಶಾಂಘೈನ ಪತ್ರಿಕೆಗಳು ಕಂತುಕಂತಾಗಿ ಉಣಬಡಿಸಿದ ಪ್ರೇಮಕಾದಂಬರಿಗಳ ಪಂಥವೊಂದಿತ್ತು. ಜಕ್ಕವಕ್ಕಿಯಂಥ ಜೋಡಿಹಕ್ಕಿಗಳ, ಚಿಟ್ಟೆಗಳ ಹೆಸರಿಟ್ಟು ಅದನ್ನು ಗೇಲಿ ಮಾಡಲಾಗುತ್ತಿತ್ತು. 1919ರ ಮೇ ನಾಲ್ಕರ ಚಳವಳಿಯ ಹೊಸ ಲೇಖಕರು ಇದನ್ನು ಕಾಲಹರಣದ ಸಾಹಿತ್ಯವೆಂದು ತೀವ್ರವಾಗಿ ಖಂಡಿಸಿದರು. ಆ ಹೊಸ ಸಾಹಿತ್ಯದ ಮುಂಚೂಣಿಯಲ್ಲಿದ್ದ ಲು ಷುನ್ 1934ರಲ್ಲಿ ತನ್ನ ತಾಯಿಗೆ ಓದಲು ಅಂಚೆಯಲ್ಲಿ ಕಳಿಸಿಕೊಟ್ಟದ್ದು ಮಾತ್ರ ಇದೇ ಧಾಟಿಯ ಜನಪ್ರಿಯ ಕಾದಂಬರಿಕಾರ ಝಾಂಗ್ ಹೆನ್‌ಶುಯಿಯ ಪುಸ್ತಕಗಳನ್ನು. ತಾನು ಅವನ್ನು ಓದಿಲ್ಲ, ಒಳಗೇನಿದೆಯೋ ತಿಳಿಯದು ಎಂದೂ ಪತ್ರದಲ್ಲಿ ಸೇರಿಸಿದ. ಮಗ ಓದದೆ ಪಕ್ಕಕ್ಕಿಟ್ಟದ್ದನ್ನು ತಾಯಿ ಆಸೆಪಟ್ಟು ಓದುತ್ತಿದ್ದಳು. ಜನಪ್ರಿಯ ಪ್ರೇಮಕಥೆಯ ಬಗ್ಗೆ ಬರೆಯುವವರೆಲ್ಲ ಈ ಪತ್ರವನ್ನು ನೆನಪಿನಲ್ಲಿಡಬೇಕು.

ಆದರೆ ಓದಿ ನೋಡಿದರೆ ಹಿರಿಯರಿಗೂ ಕಿರಿಯರಿಗೂ ಇರುವ ಅಂತರವೂ ಕಾಣುತ್ತದೆ. 1930ರಲ್ಲಿ ಧಾರಾವಾಹಿಯಾಗಿ ಬಂದ ಝಾಂಗ್ ಹೆನ್‌ಶುಯಿಯ ಅತಿ ಹೆಸರಾಂತ ಕಾದಂಬರಿಯಲ್ಲಿ ವಿದ್ಯಾರ್ಥಿಯೊಬ್ಬ ಬೀಜಿಂಗಿನ ಬೀದಿ ಗಾಯಕಿಯನ್ನು ಪ್ರೀತಿಸುತ್ತಾನೆ, ಅವಳ ಓದಿನ ಖರ್ಚು ಹೊರುತ್ತಾನೆ. ಸಿರಿವಂತ ಸೇನಾಧಿಪತಿಯೊಬ್ಬ ಬೆದರಿಕೆ, ಆಮಿಷ ಎರಡನ್ನೂ ಬಳಸಿ ಅವಳನ್ನು ತನ್ನವಳಾಗಿಸಿಕೊಳ್ಳುತ್ತಾನೆ. ಕೊನೆಗೆ ಅವನ ಏಟು ತಿಂದು ಅವಳಿಗೆ ಬುದ್ಧಿಭ್ರಮಣೆಯಾಗುತ್ತದೆ. ಅಲ್ಲಿ ಹಣ ಮತ್ತು ಅಧಿಕಾರ ಪ್ರೇಮವನ್ನು ಕೊಲ್ಲುತ್ತವೆ. ಇಂದಿನ ಕಿರುಧಾರಾವಾಹಿಯಲ್ಲಿ ಅದೇ ಹಣ, ಅದೇ ಅಧಿಕಾರ ಕಪ್ಪು ಕಾರಿನಲ್ಲಿ ಬಂದು ನಾಯಕಿಯನ್ನು ಕಾಪಾಡುತ್ತವೆ. ಖಳ ಇದ್ದ ಜಾಗಕ್ಕೆ ನಾಯಕ ಬಂದಿದ್ದಾನೆ, ದರ್ಪ ಮಾತ್ರ ಹಾಗೇ ಉಳಿದಿದೆ. ಆ ದರ್ಪವನ್ನೇ ಒಲವೆಂದು ಓದಿಕೊಳ್ಳಿ ಎಂದು ಕಥೆ ಕೇಳುತ್ತದೆ. ಈ ಪ್ರಕಾರದ ಬಗ್ಗೆ ನನ್ನ ಮೊದಲ ತಕರಾರು ಇದು.

ಎರಡನೆಯದು, ಪ್ರೇಮ ಇಲ್ಲಿ ಒಂದು ಬಹುಮಾನ. ಅವಮಾನ ಸಹಿಸಿದ್ದಕ್ಕೆ, ತಾಳ್ಮೆಗೆ, ಗುಟ್ಟು ಕಾಪಾಡಿದ್ದಕ್ಕೆ ಕೊನೆಯ ಕಂತಿನಲ್ಲಿ ಕೈಗಿಡುವ ಬಹುಮಾನ. ಬಹುಮಾನ ಗೆಲ್ಲುವವರೆಗೆ ಕುತೂಹಲ ಇರುತ್ತದೆ, ಗೆದ್ದ ಮೇಲೆ ಅದರ ಜೊತೆ ಬದುಕುವುದು ಹೇಗೆಂದು ಯಾರೂ ಕೇಳುವುದಿಲ್ಲ. ಈ ಜೋಡಿ ಒಟ್ಟಿಗೆ ಕೂತು ಊಟ ಮಾಡುವಾಗ ಏನು ಮಾತಾಡುತ್ತಾರೆ, ಯಾವುದಕ್ಕೆ ನಗುತ್ತಾರೆ, ಯಾವ ಸಣ್ಣ ಮಾತಿಗೆ ಮುನಿಸಿಕೊಳ್ಳುತ್ತಾರೆ ಎಂಬುದು ಎಂಬತ್ತು ಕಂತು ಮುಗಿದರೂ ಗೊತ್ತಾಗುವುದಿಲ್ಲ. ನಮ್ಮ ರಸಚಿಂತಕರು ಶೃಂಗಾರಕ್ಕೆ ವಿರಹವನ್ನು ಜೋಡಿಸಿದ್ದು ಸುಮ್ಮನೆ ಅಲ್ಲ. ಕಾಯುವಿಕೆ, ಶಂಕೆ, ನಾಚಿಕೆ, ನೆನಪು ಇವೆಲ್ಲ ಬಂದುಹೋಗಲು ಜಾಗವಿದ್ದಾಗಲೇ ರತಿ ಎಂಬ ಭಾವ ಹರಳುಗಟ್ಟುತ್ತದೆ. ಇಲ್ಲಿ ವಿರಹವೂ ಉಂಟು, ಆದರೆ ಅದನ್ನು ತಂದದ್ದು ಮೂರನೆಯವರ ಪಿತೂರಿ. ಪಿತೂರಿ ಬಯಲಾದೊಡನೆ ವಿರಹ ಮುಗಿಯುತ್ತದೆ, ಅದು ಇಬ್ಬರ ಒಳಗೆ ಏನನ್ನೂ ಉಳಿಸಿಹೋಗುವುದಿಲ್ಲ.

ಇದಕ್ಕೆ ನಿಲುವು ಪರದೆಯೂ ಸಾಕ್ಷಿ. ಫೋನನ್ನು ನೆಟ್ಟಗೆ ಹಿಡಿದಾಗ ಚೌಕಟ್ಟಿನಲ್ಲಿ ಒಂದು ಮುಖ ಹಿಡಿಸುತ್ತದೆ. ಇಬ್ಬರು ಪಕ್ಕಪಕ್ಕ ನಿಂತು ಅವರ ನಡುವೆ ಒಂದಿಷ್ಟು ಅಂತರ ಕಾಣಬೇಕೆಂದರೆ ಜಾಗ ಸಾಲದು. ಹಾಗಾಗಿ ಒಂದೋ ಅವನ ಮುಖ, ಒಂದೋ ಅವಳ ಮುಖ, ಇಲ್ಲವಾದರೆ ಅಪ್ಪುಗೆ. ಅಪ್ಪುಗೆಗೆ ಮುಂಚಿನ ಅಂತರ ಕಾಣಿಸದ ಕಡೆ ಅಪ್ಪುಗೆಗೂ ತೂಕ ಬರುವುದಿಲ್ಲ. ಇದು ತಂತ್ರಜ್ಞಾನದ ತಪ್ಪು ಎನ್ನಲು ಬಾರದು. ವಾಂಗ್ ಕರ್-ವಾಯ್ 2000ದಲ್ಲಿ ಮಾಡಿದ ‘ಇನ್ ದ ಮೂಡ್ ಫಾರ್ ಲವ್’ ಅಗಲ ಪರದೆಯ ಸಿನಿಮಾ, ಆದರೂ ಬಾಗಿಲ ಸಂದು, ಇಕ್ಕಟ್ಟಿನ ಓಣಿ, ಮೆಟ್ಟಿಲುಗಳಿಂದ ಅಲ್ಲಿನ ಎಷ್ಟೋ ದೃಶ್ಯಗಳನ್ನು ಉದ್ದುದ್ದಕ್ಕೆ ಕಿರಿದಾಗಿಸಲಾಗಿದೆ. ನೂಡಲ್ಸ್ ತರಲು ಹೋಗುವ ಹೆಂಗಸು, ಮೆಟ್ಟಿಲಲ್ಲಿ ಎದುರಾಗಿ ಸರಿದು ಹೋಗುವ ಗಂಡಸು, ಇಷ್ಟೇ. ಆ ಕಿರಿದಾದ ಜಾಗವೇ ಅವರ ಸಂಕೋಚವನ್ನು ಹೇಳುತ್ತದೆ. ನಿಲುವು ಚೌಕಟ್ಟಿನಿಂದ ಏನೆಲ್ಲ ಹೊರಡಿಸಬಹುದೆಂದು ಅಲ್ಲಿ ಕಲಿಯಬಹುದಿತ್ತು. ಕಿರುಧಾರಾವಾಹಿಗಳು ಕಲಿಯುವ ಗೋಜಿಗೆ ಹೋಗಿಲ್ಲ.

ಚಿಕ್ಕದಾಗಿರುವುದೂ ದೋಷವಲ್ಲ. ಬೀಸುವ ಕಲ್ಲಿನ ಮುಂದೆ ಹೆಂಗಸರು ಕಟ್ಟಿದ ತ್ರಿಪದಿಗೆ ಮೂರೇ ಸಾಲು. ತವರಿನ ನೆನಪು, ಗಂಡನ ಮುನಿಸು ಎರಡೂ ಅದರಲ್ಲಿ ಹಿಡಿಸುತ್ತವೆ. ಚೀನಾದ ತಾಂಗ್ ಕಾಲದ ಕವಿಗಳು ನಾಲ್ಕು ಸಾಲಿನಲ್ಲಿ ಅಗಲಿಕೆಯ ಕಥೆಯನ್ನೇ ಹೇಳಿಬಿಟ್ಟಿದ್ದಾರೆ. ಅವು ಚಿಕ್ಕವು, ಆದರೆ ಇಡಿಯಾದವು. ಕಿರುಧಾರಾವಾಹಿ ಹಾಗಲ್ಲ. ಅದು ಎರಡು ಗಂಟೆಯ ಒಂದು ಕಥೆಯನ್ನು ನಿಮಿಷಕ್ಕೊಂದು ಟೋಲ್‌ಗೇಟ್ ಇಟ್ಟು ಹಾಯಿಸಿದ ರಸ್ತೆ. ಪ್ರತಿ ಗೇಟಿನ ಮುಂದೆ ಹಣ ಬಿಚ್ಚುವಷ್ಟು ಆತಂಕ ಇರಲೇಬೇಕು. ಆದ್ದರಿಂದ ನಿಮಿಷಕ್ಕೊಂದು ಆಘಾತ ಬೇಕು, ಆಘಾತಕ್ಕೆ ಖಳರು ಬೇಕು, ಖಳರಿದ್ದಲ್ಲಿ ಪ್ರೇಮಿಗಳು ಇಬ್ಬರೇ ಉಳಿಯುವ ಪ್ರಶ್ನೆಯೇ ಇಲ್ಲ. ಕಥೆಯ ಲಯ ನಿರ್ಧಾರವಾಗುವುದು ಬರಹಗಾರನ ಮೇಜಿನ ಮೇಲಲ್ಲ, ಎಷ್ಟನೇ ಸೆಕೆಂಡಿಗೆ ಎಷ್ಟು ಜನ ಹಣ ಕಟ್ಟಿದರೆಂಬ ಪಟ್ಟಿಯ ಮೇಲೆ.

ಬರೀ ಚಿಕ್ಕದಾಗಿದ್ದರೆ ಜನ ಬರುವುದಿಲ್ಲವೆಂದು ಅಮೆರಿಕದ ಕ್ವಿಬಿ ಎಂಬ ಆ್ಯಪ್ ಆಗಲೇ ತೋರಿಸಿತ್ತು. ಹತ್ತು ನಿಮಿಷ ಮೀರದ ಕಂತು, ಹಾಲಿವುಡ್ ತಾರೆಯರು, ಸುಮಾರು 175 ಕೋಟಿ ಡಾಲರ್ ಬಂಡವಾಳ. 2020ರ ಏಪ್ರಿಲ್‌ನಲ್ಲಿ ಶುರುವಾಗಿ ಅದೇ ಡಿಸೆಂಬರ್‌ಗೆ ಬಾಗಿಲು ಹಾಕಿತು. ಮೂರು ವರ್ಷದೊಳಗೆ ಅದೇ ದೇಶದಲ್ಲಿ, ಚೀನೀ ಬಂಡವಾಳದ ನಂಟಿರುವ ರೀಲ್‌ಶಾರ್ಟ್ ಆ್ಯಪ್ ಅಲ್ಪ ಖರ್ಚಿನಲ್ಲಿ, ಹೆಸರಿಲ್ಲದ ನಟರನ್ನಿಟ್ಟುಕೊಂಡು ಗೆದ್ದಿತು. ಅದರ 2023ರ ದೊಡ್ಡ ಯಶಸ್ಸು ‘ದ ಡಬಲ್ ಲೈಫ್ ಆಫ್ ಮೈ ಬಿಲಿಯನೇರ್ ಹಸ್ಬೆಂಡ್’. ತಾಯಿಯನ್ನು ಉಳಿಸಿಕೊಳ್ಳಲು ಹುಡುಗಿ ಬೇರೊಬ್ಬಳ ಬದಲಿಗೆ ಹಸೆಮಣೆ ಏರುತ್ತಾಳೆ, ಬಡವನೆಂದು ಕಟ್ಟಿಕೊಂಡ ಗಂಡ ಕೋಟ್ಯಧೀಶನಾಗಿರುತ್ತಾನೆ. ಶಾಂಘೈನಲ್ಲಿ ನಡೆದರೂ ಲಾಸ್ ಏಂಜಲೀಸ್‌ನಲ್ಲಿ ನಡೆದರೂ ಈ ಕಥೆಗೆ ಒಂದು ಸಾಲೂ ಬದಲಾಗಬೇಕಿಲ್ಲ. ಯಾವ ಊರಿಗೂ ಸೇರದ್ದರಿಂದಲೇ ಅದು ಎಲ್ಲ ಊರಿನಲ್ಲೂ ಬಿಕರಿಯಾಗುತ್ತದೆ. ಇದು ವ್ಯಾಪಾರದ ಶಕ್ತಿ, ಕಲೆಗೆ ಮಾತ್ರ ನಷ್ಟ.

ಚೀನಾ ಸರ್ಕಾರವೂ ಸುಮ್ಮನೆ ಕೂತಿಲ್ಲ. 2022ರ ಕೊನೆಯಲ್ಲಿ ಶುರುವಾದ ತಪಾಸಣೆಯಲ್ಲಿ 25,000ಕ್ಕೂ ಹೆಚ್ಚು ಕಿರುಸರಣಿಗಳನ್ನು ತೆಗೆದುಹಾಕಿತು. 2024ರ ನವೆಂಬರ್‌ನಲ್ಲಿ ‘ದರ್ಪಿಷ್ಠ ಸಿಇಒ’ ಮಾದರಿಯ ಸರಣಿಗಳ ಸಂಖ್ಯೆ ಇಳಿಸಿ, ಶೀರ್ಷಿಕೆಯಲ್ಲಿ ಆ ಪದ ಬಳಸಿ ಜನರನ್ನು ಸೆಳೆಯಬೇಡಿ ಎಂದು ಸೂಚನೆ ಹೊರಡಿಸಿತು. ಸಿರಿವಂತಿಕೆಯ ಆರಾಧನೆ ಬೇಡವೆಂಬುದು ಅದರ ಕಳಕಳಿ. ಸಿಇಒನ ಜಾಗಕ್ಕೆ ಸೈನ್ಯದ ಅಧಿಕಾರಿಯನ್ನೋ ಊರಿನ ಆದರ್ಶ ಯುವಕನನ್ನೋ ತಂದರೆ ಸೆನ್ಸಾರಿಗೆ ಸಮಾಧಾನವಾದೀತು. ಆದರೆ ನಿಮಿಷಕ್ಕೊಂದು ಕಪಾಳಮೋಕ್ಷದ ಲಯ ಹಾಗೇ ಇದ್ದರೆ ನಾಯಕನ ಉದ್ಯೋಗ ಬದಲಾಗಿ ಪ್ರಯೋಜನವೇನು?

ನಿಜವಾದ ಬದಲಾವಣೆ ಬಂದದ್ದು ಬೇರೆ ದಿಕ್ಕಿನಿಂದ. 2024ರ ಚೀನೀ ಹೊಸ ವರ್ಷದ ಹೊತ್ತಿಗೆ ಗೆದ್ದ ಸರಣಿಯೊಂದರಲ್ಲಿ ಇಂದಿನ ಕಾಲದ ಹೆಣ್ಣು 1980ರ ದಶಕದ ಹಳ್ಳಿಯಲ್ಲಿ ಕಣ್ಣುಬಿಟ್ಟು, ಹಂದಿ ಸಾಕುವವನ ಮನೆಯಲ್ಲಿ ಮಲತಾಯಿಯಾಗುತ್ತಾಳೆ. 2025ರಲ್ಲಿ ಬಂದ ‘ಜಿಯಾಲಿ ಜಿಯಾವಾಯ್’ ಇನ್ನೂ ಮುಂದೆ ಹೋಯಿತು. ಎಂಬತ್ತರ ದಶಕದ ಚೆಂಗ್ಡು, ಮರುಮದುವೆಯಾದ ಜೋಡಿ, ಇಬ್ಬರಿಗೂ ಹಿಂದಿನ ಸಂಸಾರದ ಮಕ್ಕಳು, ಬಾಯಿತುಂಬ ಸಿಚುವಾನ್ ಆಡುಮಾತು. ಅದರಲ್ಲೂ ಕಂತು ಚಿಕ್ಕದೇ, ಕೊನೆಯಲ್ಲಿ ಕೊಕ್ಕೆಯೂ ಇದೆ. ಆದರೆ ಜಗಳ ಒಂದು ಊರಿನದ್ದು, ಸಂಸಾರ ಒಂದು ಕಾಲದ್ದು. ಒಲವು ಅಲ್ಲಿ ಬಹುಮಾನವಾಗಿ ಉಳಿಯದೆ ದಿನನಿತ್ಯದ ಕೆಲಸವಾಗುತ್ತದೆ. ಈ ಪ್ರಕಾರಕ್ಕೆ ಪ್ರೇಮ ದಕ್ಕುವುದೇ ಇಲ್ಲವೆಂದು ತೀರ್ಪು ಕೊಡುವವರು ಇದನ್ನೊಮ್ಮೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಂತಸ್ತಿನ ಅಂತರದ ಪ್ರೇಮ ಕನ್ನಡಿಗರಿಗೆ ಹೊಸದಲ್ಲ. 2019ರಲ್ಲಿ ಶುರುವಾದ ‘ಜೊತೆ ಜೊತೆಯಲಿ’ಯಲ್ಲಿ ನಡುವಯಸ್ಸಿನ ಉದ್ಯಮಿ ಆರ್ಯವರ್ಧನ್ ಮತ್ತು ಮಧ್ಯಮವರ್ಗದ ಅನು ಹತ್ತಿರವಾಗಲು ತಿಂಗಳುಗಟ್ಟಲೆ ಹಿಡಿಯಿತು. ಕಿರುತೆರೆಯ ಆ ಎಳೆದಾಟವನ್ನು ಹೊಗಳಬೇಕಿಲ್ಲ, ಆದರೆ ನೋಡುಗರನ್ನು ಹಿಡಿದಿಟ್ಟದ್ದು ಆ ಹಿಂಜರಿಕೆಯ ತಿಂಗಳುಗಳೇ. ಈಗ ಬೆಂಗಳೂರಿನ ಶೇರ್‌ಚಾಟ್ ಕೂಡ ಕ್ವಿಕ್ ಟಿವಿ ಎಂಬ ಆ್ಯಪ್ ಮೂಲಕ ಕಿರುಧಾರಾವಾಹಿಯ ಕಣಕ್ಕೆ ಇಳಿದಿದೆ. ನಾಳೆ ಕನ್ನಡದಲ್ಲಿ ಬರೆಯುವವರ ಮುಂದೆ ಎರಡು ದಾರಿಗಳಿವೆ. ಕಪ್ಪು ಕಾರು, ವೈನ್ ಗ್ಲಾಸು, ಕಪಾಳಮೋಕ್ಷದ ಸಿದ್ಧ ಸರಕನ್ನು ತಂದು ಹೆಸರು ಮಾತ್ರ ಬದಲಿಸುವುದು ಒಂದು. ಚೆಂಗ್ಡುವಿನವರು ಮಾಡಿದಂತೆ ಮಂಡ್ಯದ, ಧಾರವಾಡದ, ಕುಂದಾಪುರದ ಮಾತಿನಲ್ಲಿ ಜಗಳವಾಡುವ ಜೋಡಿಯೊಂದನ್ನು ನಿಮಿಷದೊಳಗೆ ಕೂರಿಸುವುದು ಇನ್ನೊಂದು. ಮೊದಲನೆಯದರಿಂದ ಬೇಗ ದುಡ್ಡಾಗುತ್ತದೆ. ಆದರೆ ಎರಡನೆಯದು ಬರುವವರೆಗೆ ಈ ಪ್ರಕಾರ ಸೇಡಿನ ಕಥೆಗಳನ್ನೇ ಪ್ರೇಮದ ಹೆಸರಿನಲ್ಲಿ ಮಾರುತ್ತಿದೆ ಎಂದೇ ಹೇಳಬೇಕಾಗುತ್ತದೆ. ಮಾರಾಟ ಚೆನ್ನಾಗಿದೆ ಎಂಬುದು ಆ ಮಾತಿಗೆ ಉತ್ತರವಾಗುವುದಿಲ್ಲ.